ಡಪ್ಪು ಬಾರಿಸಲ್ಲ ಅಂದವರು: ಓಂಗೋಲಿನ ಮಾದಿಗರ ಕಥೆ

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ.

ಕ್ರೈಸ್ತರಾದ ದಲಿತರ ಮಾತು ಬಂದಾಗೆಲ್ಲ ಒಂದು ಬೈಗುಳ ತಪ್ಪದೆ ಬರುತ್ತೆ: "ಅಕ್ಕಿ ಮೂಟೆ ಗಿರಾಕಿಗಳು." ಹೊಟ್ಟೆ ಹಸಿದಿತ್ತು, ಬಿಳಿ ಪಾದ್ರಿ ಅಕ್ಕಿ ಕೊಟ್ಟ, ಇವರು ಧರ್ಮ ಮಾರ್ಕೊಂಡ್ರು. ಮುಗೀತು, ಇಷ್ಟೇ ಚರಿತ್ರೆ! ಮೇಲ್ಜಾತಿಯವರು ಇದನ್ನ ಹೇಳಿದರೆ ನನಗೆ ಆಶ್ಚರ್ಯ ಆಗಲ್ಲ. ಆದರೆ ನಮ್ಮ ಸಭೆಗಳಲ್ಲೇ, ನೀಲಿ ಶಾಲು ಹೊದ್ದವರ ಬಾಯಲ್ಲೇ "ಅವರು ಬಿಟ್ಟು ಹೋದೋರು ಬಿಡಪ್ಪ, ನಮ್ಮೋರಲ್ಲ" ಅನ್ನೋ ಮಾತು ಕೇಳಿದ್ದೀನಿ. ಅದಕ್ಕೇ ಇದನ್ನ ಬರೀತಿದ್ದೀನಿ.

ನಾನು ಕ್ರೈಸ್ತನಲ್ಲ. ಬಾಬಾಸಾಹೇಬರು ತೋರಿಸಿದ ಬುದ್ಧನ ದಾರಿ ನನ್ನದು. ಆದರೆ ನಾನು ಮಾದಿಗ. ಗಡಿ ಸೀಮೆಯವನು, ಮನೇಲಿ ತೆಲುಗು, ಶಾಲೇಲಿ ಕನ್ನಡ. ನಮ್ಮಜ್ಜ ಊರ ಜಾತ್ರೆಗೆ ತಮಟೆ ಬಾರಿಸಿದವನು, ಊರ ದನ ಸತ್ತರೆ ಹೊತ್ತು ಹಾಕಿದವನು. ಹಾಗಾಗಿ ಗಡಿಯಾಚೆ ಓಂಗೋಲಿನಲ್ಲಿ ನಡೆದದ್ದು ನನಗೆ ಬೇರೆಯವರ ಕಥೆ ಅಲ್ಲ.

ಮೊದಲು ಜಾಗ ಗೊತ್ತಿರಲಿ. ಓಂಗೋಲು ಅಂದ್ರೆ ಈಗಿನ ಆಂಧ್ರದ ಪ್ರಕಾಶಂ ಜಿಲ್ಲೆಯ ಮುಖ್ಯ ಪಟ್ಟಣ. ಆಗ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಗೆ ಸೇರಿತ್ತು. ಒಂದೂವರೆ ಶತಮಾನದ ಹಿಂದೆ ಅಲ್ಲಿ ಮಾದಿಗ ಆಗಿ ಹುಟ್ಟೋದು ಅಂದ್ರೆ ಏನು? ಊರ ಹೊರಗಿನ ಪಲ್ಲೆ, ಅಂದ್ರೆ ನಮ್ಮ ಕೇರಿ. ರೈತನ ಬಾವಿಗೆ ಕಪಿಲೆ ಚೀಲ ಹೊಲಿದು ಕೊಡಬೇಕು, ಊರವರ ಕಾಲಿಗೆ ಚಪ್ಪಲಿ ಹೊಲೀಬೇಕು. ಕೂಲಿ ಅಂತ ಸುಗ್ಗೀಲಿ ಕಣದ ಮೂಲೇಲಿ ಸಿಗೋ ಕಾಳು. ದನ ಸತ್ತರೆ ಎಳೆದುಕೊಂಡು ಹೋಗಬೇಕು, ಆ ಮಾಂಸವೇ ಊಟ. ಊರ ದೇವತೆಯ ಹಬ್ಬಕ್ಕೆ ಡಪ್ಪು ಬಾರಿಸಬೇಕು. ಡಪ್ಪು ಅಂದ್ರೆ ನಮ್ಮ ತಮಟೆನೇ. ಸರ್ಕಾರಿ ಸಾಹೇಬರು ಬಂದರೆ ಬಿಟ್ಟಿ ಹೊರೆ. ಇದರಲ್ಲಿ ಯಾವುದಕ್ಕೂ "ಇಲ್ಲ" ಅನ್ನೋ ಹಕ್ಕು ಇರಲಿಲ್ಲ. ಹಸಿವು, ಬಡತನ ಬೇರೆಯವರಿಗೂ ಇತ್ತು. "ಇಲ್ಲ" ಅನ್ನೋ ಪದವೇ ಬಾಯಲ್ಲಿ ಇಲ್ಲದಿರೋದು ನಮ್ಮವರಿಗೆ ಮಾತ್ರ ಇದ್ದ ಕಷ್ಟ.

ಈಗ ಎರ್ರಗುಂಟ್ಲ ಪೇರಯ್ಯನವರ ವಿಷಯಕ್ಕೆ ಬರೋಣ.

ಪೇರಯ್ಯ ಓಂಗೋಲಿನಿಂದ ಸುಮಾರು 40 ಮೈಲಿ ದೂರದ ತಾಳ್ಲಕೊಂಡಪಾಡು ಅನ್ನೋ ಊರಿನ ಮಾದಿಗರು. ಚರ್ಮದ ವ್ಯಾಪಾರ ಮಾಡ್ತಿದ್ದರು. ಪಾದ್ರಿ ಬರೋಕೆ ಮುಂಚೆನೇ ಅವರು ಸತ್ಯ ಹುಡುಕಿಕೊಂಡು ಹೊರಟಿದ್ದ ಮನುಷ್ಯ. ಒಬ್ಬ ಹೆಣ್ಣು ಗುರುವಿನ ಹತ್ತಿರ ರಾಜಯೋಗ ಕಲಿತಿದ್ದರು. ತಾವೇ ಗುರುಸ್ಥಾನದಲ್ಲಿದ್ದು ಬೇರೆಯವರಿಗೂ ಹೇಳಿಕೊಡ್ತಿದ್ದರು. ತೆಲುಗು ಸೀಮೆಯಲ್ಲಿ ಇದು ಹೊಸದಲ್ಲ. ಪೋತುಲೂರಿ ವೀರಬ್ರಹ್ಮಂ ಅವರ ಶಿಷ್ಯರಲ್ಲಿ ಕಕ್ಕಯ್ಯ ಅನ್ನೋ ಮಾದಿಗರಿದ್ದದ್ದು ನಿಮಗೆ ಗೊತ್ತಿರುತ್ತೆ. ನಮ್ಮ ಕಡೆ ತತ್ವಪದ ಹಾಡೋ ಅವಧೂತರ ಪರಂಪರೆ ಇದೆಯಲ್ಲ, ಹಾಗೇ ಅಂದುಕೊಳ್ಳಿ. ನಮ್ಮವರ ತಲೆ ಖಾಲಿ ಇತ್ತು, ಮಿಷನರಿ ಬಂದು ತುಂಬಿದ ಅನ್ನೋದು ಎಷ್ಟು ದೊಡ್ಡ ಸುಳ್ಳು ನೋಡಿ.

ಚರ್ಮದ ವ್ಯಾಪಾರಕ್ಕೆ ಉತ್ತರದ ಏಲೂರು ಕಡೆ ಹೋದಾಗ ಪೇರಯ್ಯನವರ ಕಿವಿಗೆ ಕ್ರಿಸ್ತನ ಸುದ್ದಿ ಬಿತ್ತು. ಆಮೇಲೆ ತಮ್ಮ ಸೀಮೆಗೆ ಹತ್ತಿರ ಇರೋ ಪಾದ್ರಿ ಯಾರು ಅಂತ ಅವರೇ ವಿಚಾರಿಸಿದರು, ಅವರೇ ಹುಡುಕಿಕೊಂಡು ಹೋದರು. 1866ರಲ್ಲಿ ಅವರೂ ಅವರ ಹೆಂಡತಿ ನಾಗಮ್ಮನವರೂ ಜ್ಯೂಯೆಟ್ ಅನ್ನೋ ಅಮೆರಿಕನ್ ಬ್ಯಾಪ್ಟಿಸ್ಟ್ ಪಾದ್ರಿಯಿಂದ ದೀಕ್ಷಾಸ್ನಾನ ತಗೊಂಡರು. ಯಾರೂ ಅವರ ಪಲ್ಲೆಗೆ ಅಕ್ಕಿ ಹೊತ್ತುಕೊಂಡು ಬಂದಿರಲಿಲ್ಲ. ಆಗ ಬರವೂ ಬಂದಿರಲಿಲ್ಲ. ದೊಡ್ಡ ಬರಕ್ಕೆ ಇನ್ನೂ 10 ವರ್ಷ ಇತ್ತು. ಇನ್ನೊಂದು ವಿಷಯ: ಈ ತೆಲುಗು ಮಿಷನ್ನಿಂದ ಏನೂ ಫಲ ಕಾಣ್ತಿಲ್ಲ, ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಒಂದಲ್ಲ ಹಲವು ಸಲ ಚರ್ಚೆ ಆಗಿತ್ತು. ಸಾಯೋ ಹಾಗಿದ್ದ ಆ ಮಿಷನ್ನಿಗೆ ಜೀವ ಕೊಟ್ಟವರು ಮಾದಿಗರು.

ಅದೇ 1866ರ ಸೆಪ್ಟೆಂಬರಿನಲ್ಲಿ ಜಾನ್ ಕ್ಲಫ್ ಅನ್ನೋ ಪಾದ್ರಿ ಓಂಗೋಲಿಗೆ ಬಂದು ನೆಲೆಸಿದರು. 1867ರ ಜನವರಿ 1ಕ್ಕೆ 8 ಜನರ ಸಭೆ ಶುರುವಾಯ್ತು. ಅದೇ ತಿಂಗಳು ಪೇರಯ್ಯನವರು ತಮ್ಮ ಊರಿಗೆ ಕರೆಸಿಕೊಂಡರು. ಅಲ್ಲಿ ಅವರ ಬಂಧು ಬಳಗದ 28 ಜನ ಸೇರಿದರು.

ಇಲ್ಲಿ ಒಂದು ಬಿಕ್ಕಟ್ಟು ಬಂತು. ಕ್ಲಫ್ ದಂಪತಿ ನಡೆಸ್ತಿದ್ದ ಶಾಲೆಗೆ ಬ್ರಾಹ್ಮಣರ, ಇತರ ಮೇಲ್ಜಾತಿಯವರ ಮಕ್ಕಳು ಬರ್ತಿದ್ದರು. ಊರಿನ ದೊಡ್ಡ ಮನುಷ್ಯರು ಪಾದ್ರಿಯ ಜೊತೆ ಚೆನ್ನಾಗಿದ್ದರು. ಮಾದಿಗರನ್ನ ಸೇರಿಸಿಕೊಂಡರೆ ಇವರೆಲ್ಲ ಹೊರಟು ಹೋಗ್ತಾರೆ. ಮಾದಿಗರಿಗೆ ಬಾಗಿಲು ಮುಚ್ಚಿದರೆ ಮೇಲ್ಜಾತಿಯವರು ಬಂದರೂ ಬರಬಹುದು. ಆ ಕಾಲದ ಬಹಳ ಮಿಷನರಿಗಳ ಲೆಕ್ಕಾಚಾರ ಇದೇ: ಮೊದಲು ಬ್ರಾಹ್ಮಣರನ್ನ ಹಿಡೀಬೇಕು, ಮಿಕ್ಕವರು ಹಿಂದೆ ಬರ್ತಾರೆ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಬೈಬಲ್ ತೆಗೆದಾಗ ಇಬ್ಬರಿಗೂ ಒಂದೇ ಭಾಗ ಕಣ್ಣಿಗೆ ಬಿತ್ತು ಅಂತ ಆ ಮಿಷನ್ನಿನ ಚರಿತ್ರೆಯಲ್ಲಿ ಹೇಳ್ತಾರೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 1ನೇ ಅಧ್ಯಾಯ: ಲೋಕ ಯಾರನ್ನ ಹೀನರು ಅನ್ನುತ್ತೋ ಅವರನ್ನೇ ದೇವರು ಆರಿಸಿಕೊಳ್ತಾನೆ ಅನ್ನೋ ಅರ್ಥದ ಮಾತು. ಅದು ಪವಾಡವೋ ಕಾಕತಾಳೀಯವೋ ನನಗೆ ಮುಖ್ಯ ಅಲ್ಲ. ತೀರ್ಮಾನ ಏನಾಯ್ತು ಅನ್ನೋದು ಮುಖ್ಯ. ಮಾದಿಗರು ಒಳಗೆ ಬಂದರು, ಮೇಲ್ಜಾತಿ ಹುಡುಗರು ಶಾಲೆ ಬಿಟ್ಟು ಹೋದರು.

ಹೊಸದಾಗಿ ಸೇರಿದವರಿಗೆ ಮೂರು ಕಟ್ಟಳೆ ಇದ್ದವು. ಭಾನುವಾರ ಕೆಲಸ ಮಾಡಬಾರದು. ಸತ್ತ ದನ ತಿನ್ನಬಾರದು. ವಿಗ್ರಹ ಪೂಜೆಗೆ ಹೋಗಬಾರದು. ಮೂರನೆಯದರ ಹಿಂದೆಯೇ ಇನ್ನೊಂದು ಬಂತು: ಊರ ದೇವರ ಹಬ್ಬಕ್ಕೆ ಡಪ್ಪು ಬಾರಿಸಲ್ಲ.

ಓದೋಕೆ ಬರೀ ಮಡಿವಂತಿಕೆಯ ನಿಯಮ ಅನ್ನಿಸಬಹುದು. ಆದರೆ ಊರಿನ ಕಡೆ ನಿಂತು ನೋಡಿ. ಭಾನುವಾರ ಬರಲ್ಲ ಅಂದ್ರೆ, ನನ್ನ ಏಳು ದಿನದಲ್ಲಿ ಒಂದು ದಿನ ನನ್ನದು ಅಂತ. ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಗೆದ್ದು ಕೊಟ್ಟದ್ದು 1890ರಲ್ಲಿ. ಅದಕ್ಕೆ 20 ವರ್ಷ ಮುಂಚೆ ಹಳ್ಳಿಯ ಮಾದಿಗ, ಸಂಘವಿಲ್ಲ, ಕಾನೂನಿಲ್ಲ, ಗೌಡನ ಮುಂದೆ ನಿಂತು ವಾರದ ರಜೆ ಕೇಳಿದ. ಸತ್ತ ದನ ತಿನ್ನಲ್ಲ ಅನ್ನೋದು? 1927ರ ಮಾರ್ಚಿನಲ್ಲಿ ಮಹಾಡ್ ಪರಿಷತ್ತಿನಲ್ಲಿ ಬಾಬಾಸಾಹೇಬರು ಇದನ್ನೇ ಬಿಡಿ ಅಂದರು. ಓಂಗೋಲಿನ ನಮ್ಮ ಅಜ್ಜ ಮುತ್ತಜ್ಜಂದಿರು ಅದಕ್ಕೂ 60 ವರ್ಷ ಮುಂಚೆ ಬಿಟ್ಟಿದ್ದರು. ಇನ್ನು ಡಪ್ಪು ಬಾರಿಸಲ್ಲ ಅಂದರೆ, ನಿಮ್ಮ ಹಬ್ಬ ನನ್ನ ಕೈಯಿಲ್ಲದೆ ನಡೀಲಿ ನೋಡೋಣ ಅಂತ.

ಊರು ಸುಮ್ಮನಿರುತ್ತಾ? ಬಾವಿ ಬಂದ್ ಮಾಡಿದರು. ಕೂಲಿ ನಿಲ್ಲಿಸಿದರು. ಅಂಗಡೀಲಿ ಸಾಮಾನು ಕೊಡಲ್ಲ ಅಂದರು. ಹೊಡೆದರು. ಸುಳ್ಳು ಕೇಸು ಹಾಕಿಸಿದರು. ಇವತ್ತು ನಮ್ಮ ಜಿಲ್ಲೆಗಳಲ್ಲಿ ಬಹಿಷ್ಕಾರ ಹಾಕ್ತಾರಲ್ಲ, ಕ್ಷೌರ ಮಾಡಲ್ಲ, ಹಾಲು ಕೊಡಲ್ಲ, ಹೋಟೆಲಿಗೆ ಬಿಡಲ್ಲ, ಅದೇ ಪಾಠದ ಹಳೇ ಪ್ರತಿ. ಕ್ಲಫ್ ಕಲೆಕ್ಟರ್ ಕಚೇರಿಗೆ ಹತ್ತಿಳಿದರು, ನಿಜ. ಆದರೆ ರಾತ್ರಿ ಪಲ್ಲೆಯಲ್ಲಿ ಇರಬೇಕಾದವರು ಯಾರು? ಪಾದ್ರಿ ಬಂಗಲೆಯಲ್ಲಿ ಇರ್ತಾರೆ. ಏಟು ತಿಂದವರು, ನೀರಿಲ್ಲದೆ ಮೈಲಿಗಟ್ಟಲೆ ನಡೆದವರು ನಮ್ಮವರು. ಆದರೂ ಚಳವಳಿ ನಿಲ್ಲಲಿಲ್ಲ. ನೆಂಟಸ್ತಿಕೆಯ ದಾರಿಯಲ್ಲಿ, ಮದುವೆ, ಸಾವು, ಸಂತೆಗಳ ದಾರಿಯಲ್ಲಿ ಪಲ್ಲೆಯಿಂದ ಪಲ್ಲೆಗೆ ಹಬ್ಬಿತು. ಹಬ್ಬಿಸಿದವರು ಪೇರಯ್ಯನವರಂಥ ಬೋಧಕರು, ಹೆಣ್ಣುಮಕ್ಕಳು. ಬಿಳಿಯರು ಬೆರಳೆಣಿಕೆಯಷ್ಟು.

ಆಮೇಲೆ ಬಂತು ಬರ. 1876ರಿಂದ 78. ನಮ್ಮ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರ ಅಂತಾರಲ್ಲ, ಅದೇ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು ಅಂದ್ರೆ ಲೆಕ್ಕ ಹಾಕಿ. ಬ್ರಿಟಿಷ್ ಸರ್ಕಾರ ಆಗ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನ ಕಳಿಸ್ತು. ಆತ ಬರಪರಿಹಾರದ ಕೂಲಿಯನ್ನ ದಿನಕ್ಕೆ ಒಂದು ಪೌಂಡ್ ಧಾನ್ಯ, ಒಂದು ಆಣೆಗೆ ಇಳಿಸಿದ. ಇಡೀ ದಿನ ಮಣ್ಣು ಹೊರೋ ಗಂಡಾಳಿಗೆ ಅರ್ಧ ಕಿಲೋಗಿಂತ ಕಮ್ಮಿ ಕಾಳು!

ಕ್ಲಫ್ ಪಾದ್ರಿ ಆಗೋಕೆ ಮುಂಚೆ ಅಮೆರಿಕದಲ್ಲಿ ಸರ್ವೇ ಕೆಲಸ ಮಾಡಿದವರು. ಬರಪರಿಹಾರಕ್ಕೆ ಅಂತ ಸರ್ಕಾರ ಕರಾವಳಿಯಲ್ಲಿ ಬಕಿಂಗ್‌ಹ್ಯಾಂ ಕಾಲುವೆ ತೋಡಿಸ್ತಿತ್ತು. ಅದರಲ್ಲಿ ಸುಮಾರು ಮೂರೂವರೆ ಮೈಲಿ ಗುತ್ತಿಗೆಯನ್ನ ಕ್ಲಫ್ ತಾವೇ ಹಿಡಿದರು. ಯಾಕೆ ಅಂದ್ರೆ ಬೇರೆ ಕಡೆ ಮೇಸ್ತ್ರಿಗಳೆಲ್ಲ ಮೇಲ್ಜಾತಿಯವರು. ಮಾದಿಗರ ಕೂಲಿ ಕದಿಯೋದು, ಬೈಯೋದು, ಹೊಡೆಯೋದು ನಡೀತಿತ್ತು. ಇಲ್ಲಿ ಮಾದಿಗ ಬೋಧಕರೇ ಮೇಲ್ವಿಚಾರಕರು. ಕೂಲಿ ಪೂರ್ತಿ ಕೈಗೆ. ಹಗಲು ಗುದ್ದಲಿ, ಬಿಡುವಾದಾಗ ಮಾತುಕತೆ. ಯಾವ ಯಾವ ಊರಿಂದಲೋ ಬಂದವರು ಮೊದಲ ಸಲ ನೋಡಿದರು: ತಮ್ಮಂಥ ಮಾದಿಗನೇ ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದಾನೆ, ತಮ್ಮ ಹೆಸರನ್ನ ಮರ್ಯಾದೆಯಿಂದ ಕರೀತಿದ್ದಾನೆ.

ಈಗ "ಅಕ್ಕಿ ಮೂಟೆ" ಅನ್ನೋರು ಈ ಭಾಗ ಎರಡು ಸಲ ಓದಬೇಕು.

ಬರದಲ್ಲಿ ಸಾವಿರಾರು ಜನ ಸೇರ್ತೀವಿ ಅಂತ ಬಂದರು. ಮಿಷನ್ ಸೇರಿಸಿಕೊಳ್ಳಲಿಲ್ಲ. 1877ರ ಮಾರ್ಚಿನಿಂದ ಸುಮಾರು 15 ತಿಂಗಳು ದೀಕ್ಷಾಸ್ನಾನವನ್ನೇ ನಿಲ್ಲಿಸಿಬಿಟ್ಟರು. ಪರಿಹಾರದ ಹಣ ಹಂಚುವಾಗ ಸೇರಿಸಿಕೊಂಡರೆ ಅದು ಹೊಟ್ಟೆಪಾಡಿನ ಭಕ್ತಿ ಅನ್ನೋ ಮಾತು ಬರುತ್ತೆ ಅಂತ ಅವರಿಗೂ ಗೊತ್ತಿತ್ತು. ಅಂದ್ರೆ ಕೂಲಿ, ಕಾಳು ಸಿಗ್ತಿದ್ದ ಕಾಲದಲ್ಲಿ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆದದ್ದು 1878ರ ಜೂನ್ ಮಧ್ಯದಲ್ಲಿ, ಇನ್ನು ಪರಿಹಾರ ಕೊಡೋಕಾಗಲ್ಲ ಅಂತ ಹೇಳಿದ ಮೇಲೆ. ಆಗ ಜನ ಹಿಂದೆ ಹೋಗಬೇಕಿತ್ತಲ್ವಾ? ಅವರು ಬೊಬ್ಬೆ ಎದ್ದ ಕೈ ತೋರಿಸಿದರು. ದುಡಿದು ತಿಂತೀವಿ, ನಿಮ್ಮ ದುಡ್ಡು ಬೇಡ, ಮುಂದಿನ ಬೆಳೆ ಹೋದರೆ ಸಾಯ್ತೀವಿ, ಸತ್ತರೆ ಕ್ರೈಸ್ತರಾಗಿ ಸಾಯ್ತೀವಿ ಅನ್ನೋ ಅರ್ಥದಲ್ಲಿ ಮಾತಾಡಿದರು ಅಂತ ಕ್ಲಫ್ ದಾಖಲಿಸಿದ್ದಾರೆ.

ಗುಂಡ್ಲಕಮ್ಮ ಹೊಳೆಯ ದಡ, ವೆಲ್ಲಂಪಲ್ಲಿ. 1878ರ ಜುಲೈ 2ಕ್ಕೆ 614 ಜನ. ಮಾರನೇ ದಿನ 2,222. ಅದರ ಮಾರನೇ ದಿನ 700. ಜುಲೈ ಕೊನೆ ಹೊತ್ತಿಗೆ, ಆರೇಳು ವಾರದಲ್ಲಿ 9,606. ಇನ್ನೊಂದು ಮಾತು: ಆ 2,222 ಜನರನ್ನ ನೀರಲ್ಲಿ ಮುಳುಗಿಸಿ ಎತ್ತಿದ್ದು ಬಿಳಿ ಕೈ ಅಲ್ಲ. ಆರು ಜನ ತೆಲುಗು ಬೋಧಕರು, ಇಬ್ಬಿಬ್ಬರಂತೆ ಸರದಿಯಲ್ಲಿ ಹೊಳೆಗಿಳಿದರು. ಕೆರೆ ಮುಟ್ಟಿದರೆ ಮೈಲಿಗೆ ಅನ್ನಿಸಿಕೊಂಡಿದ್ದ ಜನ ಇಡೀ ಹೊಳೆಯನ್ನ ಒಂದು ದಿನ ತಮ್ಮದು ಮಾಡಿಕೊಂಡರು. ನೀರಿನ ವಿಷಯ ಬಂದಾಗ ನಮಗೆ ಚವದಾರ್ ಕೆರೆ ನೆನಪಾಗುತ್ತೆ. ಆ ಸಾಲಿನಲ್ಲಿ ಗುಂಡ್ಲಕಮ್ಮವನ್ನೂ ಇಡೋಕೆ ನನಗೆ ಸಂಕೋಚ ಇಲ್ಲ.

ಹಾಗಂತ ಹಸಿವಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹಸಿವು ಇತ್ತು. ಮಿಷನ್ನುಗಳ ನಡುವೆ ಪೈಪೋಟಿಯೂ ಇತ್ತು. ಆದರೆ ಹಸಿದವನಿಗೆ ಬುದ್ಧಿ ಇರಲ್ಲ, ಅವನು ಆಯ್ಕೆ ಮಾಡಲಾರ ಅಂತ ಅಂದುಕೊಳ್ಳೋದು ಇದೆಯಲ್ಲ, ಅದೇ ಜಾತಿಬುದ್ಧಿ. ಹೊಟ್ಟೆ ತುಂಬಿದವನು ಮಠ ಬದಲಿಸಿದರೆ ಅಧ್ಯಾತ್ಮ, ಹಸಿದವನು ದೇವರನ್ನ ಬದಲಿಸಿದರೆ ಆಮಿಷ. ಯಾವ ನ್ಯಾಯ ಇದು?

ಬದುಕು ಬದಲಾಯ್ತಾ? ಆಯ್ತು. ಪಲ್ಲೆಗಳಲ್ಲಿ ಶಾಲೆ ಬಂತು. ಅಕ್ಷರ ಅಂದ್ರೆ ಕರಣಂ ಕೈಯಲ್ಲಿ ಇರೋ ಲೆಕ್ಕ ಅನ್ನೋದು ಹೋಗಿ, ಮಾದಿಗರ ಹುಡುಗಿ ಕೈಯಲ್ಲೂ ಪುಸ್ತಕ ಬಂತು. ನಮ್ಮವರು ಮೇಷ್ಟ್ರಾದರು, ನರ್ಸ್ ಆದರು, ಬೋಧಕರಾದರು. ಹೆಂಡದ ಅಂಗಡಿ ದಾರಿ ತಪ್ಪಿಸಿ ಎಷ್ಟೋ ಮನೆ ಉಳೀತು. 1895ರಲ್ಲಿ ವಿನುಕೊಂಡದಲ್ಲಿ, ಮಾದಿಗ ತಾಯಿಯ ಕ್ರೈಸ್ತ ಕುಟುಂಬದಲ್ಲಿ ಒಬ್ಬ ಹುಡುಗ ಹುಟ್ಟಿದ. ಅವನೇ ಗುರ್ರಂ ಜಾಷುವಾ. 1941ರಲ್ಲಿ ಬಂದ ಅವರ 'ಗಬ್ಬಿಲಂ' ಕಾವ್ಯದಲ್ಲಿ ಗುಡಿಯೊಳಗೆ ಹೋಗಲಾರದ ಅಸ್ಪೃಶ್ಯ ತನ್ನ ದುಃಖವನ್ನ ಶಿವನಿಗೆ ತಲುಪಿಸೋಕೆ ಬಾವಲಿಯನ್ನ ಕಳಿಸ್ತಾನೆ. ಅವರ 'ಕ್ರೀಸ್ತು ಚರಿತ್ರ'ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕ್ಲಫ್ ಅವರ ಎರಡನೇ ಹೆಂಡತಿ ಎಮ್ಮಾ, ಮಾದಿಗರು ಚಪ್ಪಲಿ ಹೊಲಿಯುತ್ತ ಹೇಳಿದ ಕಥೆಗಳನ್ನ ಕೇಳಿ 1899ರಲ್ಲಿ ಒಂದು ಪುಸ್ತಕವನ್ನೇ ತಂದರು. ನಮ್ಮವರ ಮಾತು ಅಚ್ಚಿಗೆ ಹೋಗೋ ಬೆಲೆಯದ್ದು ಅಂತ ಯಾರಿಗೋ ಅನ್ನಿಸಿದ್ದೇ ಆ ಕಾಲಕ್ಕೆ ದೊಡ್ಡದು.

ಎಲ್ಲ ಬದಲಾಯ್ತಾ? ಇಲ್ಲ. ಇದನ್ನೂ ಹೇಳಲೇಬೇಕು. ಓಂಗೋಲಿನ ಸಭೆ ಮಾದಿಗರದ್ದಾಯ್ತು ಅಂತ ಮಾಲರು ಬಹಳ ಕಾಲ ದೂರ ಉಳಿದರು. ಬೇರೆ ಮಿಷನ್ನಿನಲ್ಲಿ ಮಾಲರು, ಅಲ್ಲಿ ಮಾದಿಗರು ಕಮ್ಮಿ. ಎಷ್ಟೋ ಚರ್ಚುಗಳಲ್ಲಿ ಜಾತಿ ಬೇಲಿ ಹಾಗೇ ನಿಂತಿತು. ಸ್ಮಶಾನದಲ್ಲೂ ಬೇರೆ ಸಾಲು. ಬಾಬಾಸಾಹೇಬರು ಅಸ್ಪೃಶ್ಯರ ಕ್ರೈಸ್ತೀಕರಣದ ಬಗ್ಗೆ ಬರೆದ ಪ್ರಬಂಧದಲ್ಲಿ ಮಿಷನರಿಗಳನ್ನ ಸುಮ್ಮನೆ ಬಿಟ್ಟಿಲ್ಲ. ಜಾತಿಯ ವಿರುದ್ಧ ಚರ್ಚು ಗಟ್ಟಿಯಾಗಿ ಹೋರಾಡಲಿಲ್ಲ, ಮತಾಂತರ ಆದವರೂ ನಾಗರಿಕ ಅನ್ಯಾಯದ ವಿರುದ್ಧ ಎದ್ದು ನಿಲ್ಲಲಿಲ್ಲ ಅನ್ನೋದು ಅವರ ಟೀಕೆ. ಆ ಟೀಕೆ ಇವತ್ತಿಗೂ ಚರ್ಚಿನ ಬಾಗಿಲಲ್ಲಿ ನಿಂತಿದೆ.

ಊರಂತೂ ಬದಲಾಗಲೇ ಇಲ್ಲ. ಓಂಗೋಲಿಗೆ ದೂರವಲ್ಲದ ಕಾರಂಚೇಡು, 1985ರ ಜುಲೈ. ಮಾದಿಗರು ಕುಡಿಯೋ ನೀರಿನ ಕೆರೆಯಲ್ಲಿ ಕಮ್ಮ ಭೂಮಾಲೀಕರ ಹುಡುಗರು ಎಮ್ಮೆಯ ಕೊಳಕು ಸೇರಿಸಿದರು. ಕೇಳಿದ್ದಕ್ಕೆ ಹೊಡೆಯೋಕೆ ಬಂದರು. ಕೈಯಲ್ಲಿದ್ದ ನೀರಿನ ಬಿಂದಿಗೆ ಎತ್ತಿ ಎದುರು ನಿಂತವಳು ಒಬ್ಬ ಮಾದಿಗ ಹೆಣ್ಣುಮಗಳು. ಅವಳ ಹೆಸರು ಸುವಾರ್ತ. ನಮ್ಮ ಕನ್ನಡ ಬೈಬಲ್ಲಿನ "ಸುವಾರ್ತೆ"ಯೇ ಅದು, ಶುಭ ಸಂದೇಶ. ಮಾರನೇ ದಿನ, ಜುಲೈ 17ಕ್ಕೆ, ಊರು ಪಲ್ಲೆಯ ಮೇಲೆ ಬಿತ್ತು. ಆರು ಜನ ಮಾದಿಗರನ್ನ ಅಟ್ಟಾಡಿಸಿ ಕೊಂದರು. ಉಳಿದವರು ಚೀರಾಲಕ್ಕೆ ಓಡಿ ಚರ್ಚಿನ ಕಾಂಪೌಂಡಿನಲ್ಲಿ ಆಸರೆ ಪಡೆದರು. ಆ ಶಿಬಿರದಿಂದಲೇ ಕತ್ತಿ ಪದ್ಮರಾವ್, ಬೊಜ್ಜಾ ತಾರಕಂ ಅವರ ಮುಂದಾಳತ್ವದಲ್ಲಿ ದಲಿತ ಮಹಾಸಭಾ ಎದ್ದಿತು. ಬಿಂದಿಗೆ ಎತ್ತೋ ಧೈರ್ಯ ಒಂದೇ ದಿನದಲ್ಲಿ ಬರಲ್ಲ. ಡಪ್ಪು ಕೆಳಗಿಟ್ಟ ಅಜ್ಜಿ ಅಜ್ಜಂದಿರ ರಕ್ತ ಅದು.

ಈಗ ಕಾನೂನು ಏನು ಹೇಳುತ್ತೆ ನೋಡಿ. 1950ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ ಆಗಿರದ ದಲಿತ ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇನ್ನೂ ಹೊರಗೇ. ಆಂಧ್ರದಲ್ಲಿ ಅವರು ಬಿಸಿ-ಸಿ, ಶೇ 1. ನಮ್ಮ ಕರ್ನಾಟಕದಲ್ಲಿ ಪ್ರವರ್ಗ-1. ಕಾರಂಚೇಡಿನಲ್ಲಿ ಹೊಡೆದವನು ಸರ್ಟಿಫಿಕೇಟ್ ನೋಡಿ ಹೊಡೆದನಾ? ಬೆನ್ನಿಗೆ ಏಟು ಬೀಳುವಾಗ ಮಾದಿಗ, ಸೀಟು ಕೇಳುವಾಗ ಕ್ರೈಸ್ತ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಮೀಕ್ಷೆಯಲ್ಲಿ ಜಾತಿ ಹೆಸರಿನ ಜೊತೆ "ಕ್ರಿಶ್ಚಿಯನ್" ಅಂತ ಬಂದಿದ್ದಕ್ಕೆ ಎಷ್ಟು ಗದ್ದಲ ಆಯ್ತು, ನೆನಪಿದೆಯಲ್ಲ? ಅಂಥ 33 ಹೆಸರು ಆ್ಯಪಿನ ಪಟ್ಟಿಯಲ್ಲಿ ಕಾಣದ ಹಾಗೆ ಮಾಡಿದರು. ಪಟ್ಟಿಯಿಂದ ಹೆಸರು ಮಾಯ ಮಾಡಬಹುದು. ಕೇರಿಯಿಂದ ಜನರನ್ನ ಹೇಗೆ ಮಾಯ ಮಾಡ್ತೀರಿ?

ಬಂಧುಗಳೇ, ನನ್ನ ಮಾತು ಇಷ್ಟೇ. ಒಳಮೀಸಲಾತಿಗೆ ಬೀದಿಗಿಳಿದಾಗ, ಬಹಿಷ್ಕಾರದ ಊರಿಗೆ ನಿಯೋಗ ಹೋಗುವಾಗ, ಚರ್ಚಿಗೆ ಹೋಗೋ ನಮ್ಮ ಅಕ್ಕ ಅಣ್ಣಂದಿರನ್ನ "ಬಿಟ್ಟು ಹೋದೋರು" ಅಂತ ಬದಿಗಿಡಬೇಡಿ. ಅವರು ಬಿಟ್ಟದ್ದು ನಮ್ಮನ್ನಲ್ಲ, ಬಿಟ್ಟಿ ಚಾಕರಿಯನ್ನ. ಬುದ್ಧನ ಕಡೆ ನಡೆದ ನಾವೂ ಬಿಟ್ಟದ್ದು ಅದನ್ನೇ ತಾನೇ? ದಾರಿ ಬೇರೆ ಇರಬಹುದು, ಹೊರಟ ಜಾಗ ಒಂದೇ.

ಕೊನೆಗೆ ಡಪ್ಪಿನ ಮಾತು. 1994ರ ಜುಲೈ 7ರಂದು ಅದೇ ಪ್ರಕಾಶಂ ಜಿಲ್ಲೆಯ ಈದುಮೂಡಿ ಅನ್ನೋ ಹಳ್ಳಿಯಲ್ಲಿ ಮಾದಿಗ ದಂಡೋರ ಹುಟ್ಟಿತು. ಒಳಮೀಸಲಾತಿಗಾಗಿ ನಮ್ಮವರು ಡಪ್ಪನ್ನ ಮತ್ತೆ ಹೆಗಲಿಗೆ ಹಾಕಿಕೊಂಡರು. 30 ವರ್ಷ ಬಾರಿಸಿದರು. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟಿಗೂ ಅದು ಕೇಳಿಸ್ತು. ಈ ಕಡೆ ನಮ್ಮ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ಪೇರಯ್ಯನವರ ಕಾಲದವರು ಊರಿಗಾಗಿ ಬಾರಿಸಲ್ಲ ಅಂತ ಡಪ್ಪು ಕೆಳಗಿಟ್ಟರು. ಅವರು ಇಟ್ಟಿದ್ದರಿಂದಲೇ ಅವರ ಮರಿಮಕ್ಕಳು ತಮಗಾಗಿ ಎತ್ತಿಕೊಂಡರು.

ಜೈಭೀಮ್.